ಮೂರನೆಯ ಸುತ್ತು

"ಇನ್ನೂ ಸ್ವಲ್ಪ ಎಡಕ್ಕೆ" ಎಂದು ಡೆಲ್ಮರ್ ಕೂಗುವಷ್ಟರಲ್ಲಿ ಬೇಲಿಯ ಕಂಬ ನೆಲ ಬಿಟ್ಟು ಎದ್ದೇಬಿಟ್ಟಿತು. ಸರಪಳಿ ಸಡಿಲಾಗಿ ಅವನ ಬೂಟಿನ ಮೇಲೆ ಬಿತ್ತು. ಟ್ರ್ಯಾಕ್ಟರಿನ ಮೇಲಿದ್ದ ಆರ್ಡಿತ್ ಕತ್ತು ತಿರುಗಿಸಿದಳು.

"ಕಾಲು ಇದೆಯಾ?"

"ಎರಡೂ ಇವೆ."

"ಹಾಗಾದ್ರೆ ಮುಂದಿನದಕ್ಕೆ ಹಾಕು."

ಅದು ಹದಿನಾಲ್ಕನೆಯ ಕಂಬ. ನೆಬ್ರಾಸ್ಕಾದ ಆ ಕೌಂಟಿಯ ಮೇಳದಲ್ಲಿ ಕುದುರೆ ಓಟ ನಿಂತು ಹತ್ತೊಂಬತ್ತು ವರ್ಷವಾಗಿತ್ತು. ಅರ್ಧ ಮೈಲಿ ಸುತ್ತಳತೆಯ ಮಣ್ಣಿನ ಓಟದ ದಾರಿಯಲ್ಲಿ ಮೊಣಕಾಲುದ್ದ ಹುಲ್ಲು. ಚಳಿ ಬೀಳುವ ಮುಂಚೆ ಅದನ್ನೆಲ್ಲ ಸಮ ಮಾಡಿ ದನದ ಲಾರಿ ನಿಲ್ಲಿಸಲು ಜಾಗ ಮಾಡುತ್ತಾರಂತೆ. ಬೇಲಿಯ ತುಂಡು ಬೇಕಾದವರು ಈ ಶನಿವಾರ ಬಂದು ಕಿತ್ತುಕೊಂಡು ಹೋಗಬಹುದೆಂದು ಮೇಳದ ಸಮಿತಿ ಹೇಳಿತ್ತು. ಬಂದವರಲ್ಲಿ ಕೀಳುವವರು ಕಡಿಮೆ, ಕೂತವರೇ ಹೆಚ್ಚು. ಮುದುಕ ಮುದುಕಿಯರು ಹಳೆಯ ಗ್ಯಾಲರಿಯ ಹಲಗೆಗಳ ಮೇಲೆ, ಮಡಿಲಲ್ಲಿ ಕೊಲಾಚೆ ಬನ್ನು, ಕೈಯಲ್ಲಿ ಕಾಫಿ ಹಿಡಿದು, ಐದನೆಯ ರೇಸು ಸ್ವಲ್ಪ ತಡವಾಗಿದೆ ಅಷ್ಟೇ ಎಂಬಂತೆ ಖಾಲಿ ದಾರಿಯನ್ನು ನೋಡುತ್ತಿದ್ದರು.

ಅವರ ತಲೆಯ ಮೇಲಿನ ಗೂಡಿನಲ್ಲಿ ವರ್ಲಿನ್ ಕೂತಿದ್ದ. ಮೂವತ್ತು ವರ್ಷ ರೇಸಿನ ವಿವರ ಕೂಗಿದವನು. ಇವತ್ತು ಕೂಗಲು ಬೇರೇನೂ ಇಲ್ಲದೆ ಕೈಮೈಕು ಹಿಡಿದು ಕಂಬಗಳ ವಿವರವನ್ನೇ ಕೂಗುತ್ತಿದ್ದ.

"ಹದಿನಾಲ್ಕನೇ ಕಂಬ ಔಟು. ಹದಿನೈದು ಹಟ ಹಿಡಿದಿದೆ. ಸರಪಳಿ ಹತ್ರ ಇರೋದು ಡೆಲ್ಮರ್ ಹ್ರುಸ್ಕಾ. ಎಲ್ರೂ ಜೇಬು ಭದ್ರವಾಗಿಟ್ಕೊಳ್ರಪ್ಪಾ."

ಗ್ಯಾಲರಿ ನಕ್ಕಿತು. ಡೆಲ್ಮರ್ ಕೈ ಎತ್ತಿ ಬೀಸಿದ. ನಲವತ್ತಮೂರು ವರ್ಷದಿಂದ ಹೀಗೆಯೇ ಬೀಸುತ್ತ ಬಂದಿದ್ದ.

ಇಲ್ಲಿಗೆ ಬರುವ ಮನಸ್ಸು ಅವನಿಗಿರಲಿಲ್ಲ. ಆದರೆ ಸೋಮವಾರ ಆರ್ಡಿತ್ ಫೋನು ಮಾಡಿದ್ದಳು. "ಅಪ್ಪ ಹೋದ್ರು ಅಂತ ಗೊತ್ತಲ್ಲ. ಶನಿವಾರ ಬಾ. ನಿನ್ನನ್ನ ಒಂದು ಮಾತು ಕೇಳಬೇಕು." ಅವಳ ಅಪ್ಪ ಎಮಿಲ್ ಕುಬಿಚೆಕ್. ಯಾವ ಮಾತೆಂದು ಡೆಲ್ಮರ್‌ಗೆ ಗೊತ್ತಿತ್ತು. ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಹದಿನಾರನೆಯ ವಯಸ್ಸಿನಲ್ಲಿ ಅವನನ್ನು ಮನೆಗೆ ಸೇರಿಸಿಕೊಂಡು ಕುದುರೆ ಓಡಿಸಲು ಕಲಿಸಿದವರು ಎಮಿಲ್. ಇಪ್ಪತ್ತಮೂರರಲ್ಲಿ ತಮ್ಮ ಒಂದೇ ಒಂದು ಒಳ್ಳೆಯ ಕುದುರೆ, ಮಿಸ್ ಕಾರ್ಡುರಾಯ್ ಎಂಬ ಕಂದು ಹೆಣ್ಣುಕುದುರೆಯನ್ನು ಅವನ ಕೈಗೆ ಕೊಟ್ಟು ಮೇಳದ ಕಪ್ ಓಟಕ್ಕೆ ಇಳಿಸಿದವರು. ಕಪ್ ಓಟ ಯಾವಾಗಲೂ ಎರಡು ಸುತ್ತು. ಆ ವರ್ಷ ಮೇಳಕ್ಕೆ ನೂರು ತುಂಬಿತೆಂದು ಮೂರು ಸುತ್ತು ಮಾಡಿದ್ದರು. ಎರಡನೆಯ ಸುತ್ತು ಮುಗಿಯುವಾಗ ಮಿಸ್ ಕಾರ್ಡುರಾಯ್ ಆರು ಕುದುರೆಯುದ್ದ ಮುಂದಿದ್ದಳು. ಗುರಿಗಂಬ ದಾಟುತ್ತಲೇ ಡೆಲ್ಮರ್ ಕಾಲಿಡುವ ರಿಕಾಪಿನ ಮೇಲೆ ಎದ್ದು ನಿಂತು ಲಗಾಮು ಸಡಿಲಿಸಿದ. ಸವಾರ ಎದ್ದು ನಿಂತನೆಂದರೆ ಕೆಲಸ ಮುಗಿಯಿತೆಂದು ಕುದುರೆಗೆ ಗೊತ್ತು. ಅವಳು ವಿಧೇಯಳಾಗಿ ನಿಧಾನಿಸಿದಳು. ಹಿಂದಿನ ಏಳೂ ಕುದುರೆಗಳು ಅವಳ ಎರಡೂ ಪಕ್ಕದಿಂದ ಹಾದುಹೋದವು, ಮೂರನೆಯ ಸುತ್ತಿಗೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬ ಸವಾರ ಕೇಳಿದ್ದ: "ಸೋಲೋಕೆ ಎಷ್ಟು ಕೊಟ್ರು?" ಡೆಲ್ಮರ್ ಸುಮ್ಮನೆ ನಕ್ಕ. ಆ ನಗು ಸಂಜೆಯೊಳಗೆ ಊರು ತಲುಪಿತು. ಮಾರನೆಯ ಬೆಳಿಗ್ಗೆ, ಹೆಸರು ಕೆಟ್ಟ ಇಬ್ಬರು ಮಾಲೀಕರು ತಾವಾಗಿ ಬಂದು ಅವನಿಗೆ ಓಡಿಸಲು ಕುದುರೆ ಕೊಟ್ಟರು. ಎಮಿಲ್ ಮಾತ್ರ ಅವತ್ತಿನಿಂದ ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಸಾಯುವವರೆಗೂ ಒಂದು ಮಾತೂ ಆಡಲಿಲ್ಲ.

ಹದಿನೈದನೆಯ ಕಂಬ ಬಂದ ಮೇಲೆ ಆರ್ಡಿತ್ ಇಂಜಿನ್ ನಿಲ್ಲಿಸಿದಳು.

"ಕೇಳ್ಲಾ?"

"ಕೇಳು."

"ಅವತ್ತು ನೀನು ದುಡ್ಡು ತಗೊಂಡಿದ್ಯಾ?"

ಡೆಲ್ಮರ್ ಸರಪಳಿಯ ಮಣ್ಣು ಒರೆಸಿದ. ಅಷ್ಟು ಒರೆಸುವಂಥ ಮಣ್ಣೇನೂ ಇರಲಿಲ್ಲ.

"ಇಲ್ಲ."

"ಮತ್ತೆ?"

"ಮುಗೀತು ಅನ್ಕೊಂಡೆ. ಎರಡೇ ಸುತ್ತು ಅನ್ಕೊಂಡೆ."

"ಮೂರು ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಬೆಳಿಗ್ಗೆಯಿಂದ ಗೊತ್ತಿತ್ತು. ನಿಮ್ಮಪ್ಪ ನನ್ನನ್ನ ಕುದುರೆ ಮೇಲೆ ಕೂರಿಸುವಾಗಲೂ ಮೂರು ಬೆರಳು ತೋರಿಸಿದ್ರು. ಅವಳು ಆ ಥರ ಓಡ್ತಿದ್ದಾಗ ಮರೆತೇಹೋಯ್ತು, ಆರ್ಡಿತ್. ಅಷ್ಟೇ."

ಅವಳು ಅವನನ್ನೇ ನೋಡಿದಳು. "ಅದಕ್ಕೋಸ್ಕರ ಇಷ್ಟು ವರ್ಷ ಕಳ್ಳ ಅನ್ನಿಸ್ಕೊಂಡ್ಯಾ?"

"ಕಳ್ಳನಿಗೆ ಮಾರನೇ ದಿನ ಕುದುರೆ ಸಿಗುತ್ತೆ. ಮೂರರವರೆಗೆ ಎಣಿಸೋಕೆ ಬರದವನಿಗೆ ಯಾರು ಕೊಡ್ತಾರೆ? ಆಗ ಹಾಗನ್ನಿಸ್ತು. ಆಮೇಲೆ ಹೇಳೋಕೆ ತಡವಾಗಿತ್ತು."

ಆರ್ಡಿತ್ ಸ್ಟಿಯರಿಂಗಿಗೆ ಹಣೆಯಿಟ್ಟಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಡೆಲ್ಮರ್ ಗಾಬರಿಯಾದ. ಅವಳು ನಗುತ್ತಿದ್ದಳು.

"ನಿಜವೇ ಹಾಗಾದ್ರೆ" ಎಂದಳು. "ಅಪ್ಪ ಜನವರಿಯಲ್ಲಿ ಹೇಳಿದ್ರು. ಕೊನೆ ದಿನಗಳಲ್ಲಿ ಏನೇನೋ ಅಂತಿದ್ರಲ್ಲ, ಇದೂ ಅಂಥದ್ದೇ ಏನೋ, ನಿನ್ನ ಮೇಲಿನ ಪ್ರೀತಿಗೆ ಹುಟ್ಟಿಸ್ಕೊಂಡಿದ್ದೇನೋ ಅನ್ಕೊಂಡೆ. ಎರಡನೇ ಸುತ್ತಿಗೇ ಅವರು ಟೋಪಿ ಎಸೆದು, ಬೇಲಿ ಹಾರಿ, ನಿನ್ನನ್ನ ಅಪ್ಪಿಕೊಳ್ಳೋಕೆ ದಾರಿ ಮೇಲೇ ಓಡಿದ್ರಂತೆ. ಕಾವಲಿನವನು ಕಾಲರ್ ಹಿಡಿದು ಆಚೆ ಎಳೆಯದಿದ್ರೆ ಕುದುರೆ ಕಾಲಿಗೆ ಸಿಗ್ತಿದ್ರು."

"ಅವರೂನಾ?"

"ಅವರೂನು. ಮೂರು ಬೆರಳು ತೋರಿಸಿದವರೇ. ಎಲ್ಲರ ಕಣ್ಣೂ ನಿನ್ನ ಮೇಲಿತ್ತು, ಅದಕ್ಕೆ ಯಾರೂ ನೋಡಲಿಲ್ಲ. ನಾನು ಆಗ ಹಂದಿ ಕೊಟ್ಟಿಗೆ ಹತ್ರ ಇದ್ದೆ. ಹುಡುಗ ಕದ್ದಿಲ್ಲ, ಮರೆತ ಅಂತ ಅವರು ಹೇಳಿದ್ರೆ, ನಿಂಗೆ ಹೇಗೆ ಗೊತ್ತು ಅಂತ ಜನ ಕೇಳ್ತಿದ್ರು. ರಸ್ತೆ ದಾಟ್ತಿದ್ದಿದ್ದು ಕೋಪಕ್ಕಲ್ಲ ಕಣೋ. ನಿನ್ನ ಮುಖ ನೋಡೋಕೆ ನಾಚಿಕೆ."

ಡೆಲ್ಮರ್ ಕಿತ್ತಿಟ್ಟ ಕಂಬದ ಮೇಲೆ ಕೂತ. ಕದಿಯದ ದುಡ್ಡನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದ. ಅದರ ಮತ್ತೊಂದು ತುದಿಯನ್ನು ಇನ್ನೊಬ್ಬರು ಹೊತ್ತಿದ್ದರು. ಬೇಸರವಾಗಬೇಕಿತ್ತು. ಆಗಲಿಲ್ಲ. ಹಸಿವಾಯಿತು. ಆರ್ಡಿತ್ ಡಬ್ಬಿ ತೆರೆದು ಮುಂದಿಟ್ಟಳು. ಒಣ ಪ್ಲಮ್ಮಿನ ಕೊಲಾಚೆ ಎರಡು ತಿಂದ, ಮೂರನೆಯದಕ್ಕೂ ಕೈ ಹಾಕಿದ.

"ವರ್ಲಿನ್‌ಗೆ ಹೇಳ್ಲಾ?" ಎಂದಳು.

ಬಾಯಿ ತುಂಬ ಇದ್ದುದರಿಂದ ಅವನು ಮೊದಲು ತಲೆಯಾಡಿಸಿದ, ಆಮೇಲೆ ನುಂಗಿದ. "ಹೇಳು."

ಅವಳು ಹೋಗಿ ಗೂಡಿನ ಕೆಳಗೆ ನಿಂತು ಹೇಳಿದಳು. ಮೇಲೆ ಮೈಕು ಗೊರಗುಟ್ಟಿತು.

"ತಿದ್ದುಪಡಿ. ಡೆಲ್ಮರ್ ಹ್ರುಸ್ಕಾ ಕಳ್ಳನಲ್ಲ. ಎಣಿಕೆ ತಪ್ಪಿದನಂತೆ. ಎಮಿಲ್ ಕುಬಿಚೆಕ್ಕೂ ತಪ್ಪಿದ್ರಂತೆ. ಜೇಬು ಬಿಡ್ರಪ್ಪಾ, ಕೈಬೆರಳು ಎಣಿಸ್ಕೊಳ್ಳಿ."

ಗ್ಯಾಲರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಾರೋ ಮೂರು ಬೆರಳು ಎತ್ತಿ ಅವನಿಗೆ ತೋರಿಸಿದರು. ಯಾವ ನಗುವಿಗೆ ಹೆದರಿ ಡೆಲ್ಮರ್ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದನೋ ಆ ನಗು ಒಂದು ನಿಮಿಷವೂ ಬಾಳಲಿಲ್ಲ. ಒಬ್ಬ ಅಜ್ಜಿ ಕಾಫಿ ಉಳಿದಿದೆಯೇ ಎಂದು ಕೇಳಿದಳು. ಜನ ಲೋಟ ಹುಡುಕತೊಡಗಿದರು. ಅವನೂ ನಗುತ್ತಿದ್ದ, ಗಲ್ಲದ ಮೇಲೆ ಸಕ್ಕರೆ ಪುಡಿ.

ವರ್ಲಿನ್ ಗೂಡಿನಿಂದ ಇಳಿದು ಬಂದ. ಒಬ್ಬನೇ ಬರಲಿಲ್ಲ. ಮಕ್ಕಳನ್ನು ಕೂರಿಸಿ ಫೋಟೊ ತೆಗೆಯಲು ತಂದಿದ್ದ ಬೂದು ಕುದುರೆಯ ಲಗಾಮು ಹಿಡಿದಿದ್ದ. ಜೀನು ಬಿಗಿದಿತ್ತು. ರಿಕಾಪುಗಳನ್ನು ರೇಸಿನವರ ಹಾಗೆ ಮೇಲಕ್ಕೆಳೆದು ಗಿಡ್ಡ ಮಾಡಿದ್ದ.

"ಒಂದು ಸುತ್ತು ಬಾಕಿ ಇದೆಯಲ್ಲಯ್ಯಾ" ಎಂದ. "ಹತ್ತು. ಮಿಸ್ ಕಾರ್ಡುರಾಯ್ ಅಂತಲೇ ಕೂಗ್ತೀನಿ. ನಾಳೆ ಈ ದಾರೀನೇ ಇರಲ್ಲ."

ಗ್ಯಾಲರಿಯಲ್ಲಿ ಚಪ್ಪಾಳೆ ಶುರುವಾಯಿತು. ಕೆಲವರು ಎದ್ದು ನಿಂತರು. ಆರ್ಡಿತ್ ಅವನ ಕೈಯಿಂದ ಡಬ್ಬಿ ತೆಗೆದುಕೊಂಡಳು.

"ಹೋಗಿ ಬಾ, ಡೆಲ್ಮರ್. ಅಪ್ಪನಿಗೋಸ್ಕರ."

ಕುದುರೆ ಅವನ ತೋಳು ಮೂಸಿತು. ವರ್ಲಿನ್ ಲಗಾಮು ಮುಂದೆ ಚಾಚಿದ.

"ಇಲ್ಲ" ಎಂದ ಡೆಲ್ಮರ್. "ಕುದುರೆ ಹತ್ತಲ್ಲ. ನಂಗೂ ನಿಮ್ಮಪ್ಪನಿಗೂ ಆ ಓಟ ಎರಡನೇ ಸುತ್ತಿಗೇ ಮುಗಿದಿತ್ತು, ಆರ್ಡಿತ್."