ಟೈಲರಕ್ಕನ ಮೂಗು

ಅಂಟು ಬೇಯಿಸುವ ಕಾರ್ಖಾನೆಯ ಆಳಿನ ಪಕ್ಕ ಒಂದು ಗಳಿಗೆ ಕೂತವರಿಗೆ ಈ ಕಥೆ ಅರ್ಧ ತಾನಾಗೇ ಅರ್ಥವಾದೀತು. ಉಳಿದವರಿಗೆ ಬಿಡಿಸಿ ಹೇಳಬೇಕು. ಮೂಳೆ, ಗೊರಸು, ತೊಗಲಿನ ಚೂರುಗಳನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಆಳೆತ್ತರದ ಹಂಡೆಗಳಲ್ಲಿ ಹಗಲಿಡೀ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ಉದ್ದ ಹಿಡಿಯ ಸೌಟಿನಿಂದ ತೆಗೆಯುತ್ತಲೇ ಇರಬೇಕು. ಆ ಹಬೆ ಬಟ್ಟೆಗೆ ಹತ್ತಿದರೆ ಬಟ್ಟೆ ಬಿಸಾಡಬಹುದು. ಮೈಗೆ ಹತ್ತಿದರೆ ಮೈಯನ್ನು ಎಲ್ಲಿ ಬಿಸಾಡುವುದು?

ಅಂಥ ಹಂಡೆಯ ಮುಂದೆ ನಿಲ್ಲುತ್ತಿದ್ದ ಒಬ್ಬ ಆಳನ್ನು ಎಲ್ಲರೂ ‘ಅಂಟು’ ಎಂದೇ ಕರೆಯುತ್ತಿದ್ದರು. ವಾಸನೆಯೊಂದೇ ಆಗಿದ್ದರೆ ಜನ ಹೇಗೋ ಸಹಿಸಿಕೊಳ್ಳುತ್ತಿದ್ದರೇನೋ. ಅವನ ಬಾಯಿ ಅದಕ್ಕಿಂತ ಕೊಳಕು, ಕೈ ಬಾಯಿಗಿಂತ ಮುಂದು. ಆ ಕೈಯ ರುಚಿ ಸಾಕಾಗಿ ಹೆಂಡತಿ ತವರು ಸೇರಿ, ಬಾಗಿಲು ಹಾಕಿಕೊಂಡಿದ್ದಳು. ಆಮೇಲೆ ಅವನಿಗೆ ತನ್ನ ನಾತವೇ ಒಂದು ಆಯುಧವಾಯಿತು. ಬಸ್ಸು ಹತ್ತಿದರೆ ಇಸ್ತ್ರಿ ಮಾಡಿದ ಅಂಗಿಯವರನ್ನೇ ಹುಡುಕಿ ಪಕ್ಕದಲ್ಲಿ ಕೂರುತ್ತಿದ್ದ. ಅವರು ಎದ್ದು ಹೋದರೆ ಅವನ ದಿನ ಸಾರ್ಥಕ.

ಚರ್ಚಿಗೆ ಮೊದಲ ಸಲ ಬಂದದ್ದೂ ದೇವರನ್ನು ಹುಡುಕಿಕೊಂಡಲ್ಲ. ಕಾರ್ಖಾನೆಯ ಗುಮಾಸ್ತ ಒಂದು ದಿನ ಮೂಗಿಗೆ ಕರವಸ್ತ್ರ ಒತ್ತಿಕೊಂಡು, “ನೀನು ಬಾಗಿಲಾಚೆ ನಿಂತೇ ಮಾತಾಡಪ್ಪ” ಅಂದಿದ್ದ. ಗುಮಾಸ್ತ ಭಾನುವಾರ ಮನೆಮಂದಿಯೊಂದಿಗೆ ಆರಾಧನೆಗೆ ಹೋಗುತ್ತಾನೆಂದು ಅಂಟುವಿಗೆ ಗೊತ್ತಿತ್ತು. ಪಾಳಿ ಮುಗಿಸಿದವನೇ ಕೈಕಾಲೂ ತೊಳೆಯದೆ ನೇರವಾಗಿ ಹೋಗಿ, ಗುಮಾಸ್ತನ ಹಿಂದಿನ ಬೆಂಚಿನ ನಟ್ಟನಡುವೆ ಕಾಲು ಚಾಚಿ ಕೂತ. ಮೊದಲ ಹಾಡು ಮುಗಿಯುವಷ್ಟರಲ್ಲಿ ಸುತ್ತಲಿನ ಬೆಂಚುಗಳು ಖಾಲಿ. ಜನ ಮಕ್ಕಳನ್ನು ಎಳೆದುಕೊಂಡು ಹೋಗಿ ಆಚೆ ಬದಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದಂತೆ ಕೂತರು. ಪಕ್ಕದವರನ್ನು ಪ್ರೀತಿಸುವ ವಿಷಯವಾಗಿ ಬೋಧಿಸುತ್ತಿದ್ದ ಪಾಸ್ಟರ್ ನಡುನಡುವೆ ಕೆಮ್ಮಿದರು. ಅಂಟುವಿಗೆ ಒಳಗೊಳಗೇ ಹಿಗ್ಗು.

ಬೋಧನೆ ಮುಗಿದು ಮುಂದಿನ ಹಾಡು ಶುರುವಾದಮೇಲೆ ಟೈಲರಕ್ಕ ಬಂದಳು. ಗಂಡ ಸತ್ತಮೇಲೆ ಹೊಲಿಗೆ ಮಿಷನ್ ತುಳಿದೇ ಮಗಳನ್ನು ಸಾಕಿದವಳು. ಯಾವಾಗಲೂ ತಡ, ಯಾವಾಗಲೂ ಸೆರಗಿಗೆ ಒಂದೆರಡು ದಾರದೆಳೆ ಅಂಟಿಕೊಂಡಿರುತ್ತಿದ್ದವು. ತುಂಬಿದ ಬದಿಯನ್ನೂ ಖಾಲಿ ಬದಿಯನ್ನೂ ಒಮ್ಮೆ ನೋಡಿದಳು. ಬಂದು ಅಂಟುವಿನ ಪಕ್ಕದಲ್ಲೇ ಕೂತು, ಹಾಡಿನ ಪುಸ್ತಕ ಬಿಡಿಸಿ, ಅರ್ಧ ಅವನ ಕಡೆ ಹಿಡಿದಳು.

ಅವನಿಗೆ ಸಿಟ್ಟು ಬಂತು. ಪರೀಕ್ಷೆ ಮಾಡಲೆಂದೇ ತೋಳೆತ್ತಿ ಬೆಂಚಿನ ಬೆನ್ನ ಮೇಲೆ, ಅವಳ ತಲೆಯ ಹಿಂದೆ ಚಾಚಿದ. ಅವಳು ಹಾಳೆ ತಿರುವಿ, “ಇಲ್ಲಿದೀವಿ, ಮೂರನೇ ಚರಣ” ಅಂದಳು.

ಇದೆಂಥ ಹೆಂಗಸು ಎಂದು ನೋಡಲು ಮುಂದಿನ ವಾರವೂ ಹೋದ. ಅವಳು ಮತ್ತೆ ಅಲ್ಲೇ ಕೂತಳು. ಹೀಗೆ ನೋಡಲು ಹೋಗಿ ಹೋಗಿಯೇ ಅವನು ಚರ್ಚಿನವನಾದ. ರಾತ್ರಿ ಬೆಳಗಾಗುವುದರೊಳಗೆ ಸಾಧುವಾದ ಎಂದು ನಾನು ಹೇಳುವುದಿಲ್ಲ. ಅಂಥ ಕಥೆ ಬೇಕಾದವರು ಬೇರೆ ಕಡೆ ಕೇಳಿಕೊಳ್ಳಲಿ. ಮೊದಲು ಶನಿವಾರ ಸಂಜೆ ಸ್ನಾನ ಶುರುವಾಯಿತು, ಸೋಡಾಪುಡಿ ಹಾಕಿ ಚರ್ಮ ಕಿತ್ತುಬರುವ ಹಾಗೆ ಉಜ್ಜುವ ಸ್ನಾನ. ವಾಸನೆ ಹೋಗಲಿಲ್ಲ, ಮೈ ಮಾತ್ರ ಉರಿಯಿತು. ಆಮೇಲೆ ಬೈಗುಳ ಬಾಯಿಯ ತುದಿಗೆ ಬಂದು ಒಮ್ಮೊಮ್ಮೆ ಹಿಂದೆ ಹೋಗತೊಡಗಿತು. ಕುಡಿತ ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಹೆಂಡತಿಯ ತವರಿನ ಬಾಗಿಲಲ್ಲಿ ನಿಂತು ತಪ್ಪಾಯಿತು ಅಂದ. ಅವಳು ಬರಲಿಲ್ಲ, ಆದರೆ ಕುಡಿಯಲು ನೀರು ಕೊಟ್ಟಳು. ಇಷ್ಟಕ್ಕೆಲ್ಲ ಅವನ ಕೈಯಲ್ಲಿದ್ದ ಬಂಡವಾಳ ಒಂದೇ: ಈ ಲೋಕದಲ್ಲಿ ಒಬ್ಬಳು ಮೂಗು ಮುಚ್ಚಿಕೊಳ್ಳದೆ ತನ್ನ ಪಕ್ಕ ಕೂರುತ್ತಾಳೆ. ಅವಳೇ ಹಾಗಾದರೆ ಅವಳ ದೇವರು ಇನ್ನೆಂಥವನಿರಬೇಕು ಎಂದು ಅವನ ಲೆಕ್ಕ.

ಆ ಟೈಲರಕ್ಕ ಈಗ ಸತ್ತುಹೋಗಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಹಾಸಿಗೆ ಹಿಡಿದಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವನು ವಾರ್ಡಿನ ಬಾಗಿಲಲ್ಲೇ ನಿಂತಿದ್ದರೆ, “ಹತ್ತಿರ ಬಾರಪ್ಪ, ಕೂಗೋಕೆ ಶಕ್ತಿ ಇಲ್ಲ ನಂಗೆ” ಎಂದು ಕರೆದು ಮಂಚದ ಅಂಚಿನಲ್ಲಿ ಕೂರಿಸಿಕೊಂಡಿದ್ದಳು.

ಮಣ್ಣು ಮಾಡುವ ದಿನ ಬೆಳಿಗ್ಗೆ ಅಂಟು ಅವಳ ಮನೆಗೆ ಕುರ್ಚಿ ಹೊರುತ್ತಿದ್ದ. ಶವಪೆಟ್ಟಿಗೆಗೆ ಹೆಗಲು ಕೊಡುವವರಲ್ಲಿ ನೀನೂ ಒಬ್ಬ ಎಂದು ಪಾಸ್ಟರ್ ಹೇಳಿದ್ದರು. ಆ ಮಾತಿನಿಂದ ಅವನ ಎದೆ ಭಾರವಾಗಿಯೂ ಇತ್ತು, ಉಬ್ಬಿಯೂ ಇತ್ತು. ಅಡುಗೆಮನೆಯ ಕಿಟಕಿಯ ಹತ್ತಿರ ಬಂದಾಗ ಒಳಗಿನ ಮಾತು ಕಿವಿಗೆ ಬಿತ್ತು. ಹೇಳುತ್ತಿದ್ದವಳು ಟೈಲರಕ್ಕನ ನಾದಿನಿ.

“ಅಯ್ಯೋ, ಅತ್ತಿಗೆಗೆ ಮೂಗೇ ಸತ್ತಿತ್ತು ಕಣ್ರೀ. ಹಿಂದೆ ಒಂದು ಜ್ವರ ಬಂದಿತ್ತಲ್ಲ, ಆವಾಗಿಂದ ಒಂದು ವಾಸನೆಯೂ ಗೊತ್ತಾಗ್ತಿರಲಿಲ್ಲವಂತೆ. ಅವಳೇ ಹೇಳಿದ್ಲು. ಇಲ್ದಿದ್ರೆ ಆ ಅಂಟು ಪಕ್ಕ ಮನುಷ್ಯರು ಕೂರೋಕಾಗುತ್ತಾ?”

ಅಂಟು ಕುರ್ಚಿಯನ್ನು ಮೆಲ್ಲಗೆ ಕೆಳಗಿಟ್ಟ. ಯಾರಿಗೂ ಹೇಳದೆ ಹೊರಟ.

ಕಾಲುಗಳು ಅವನನ್ನು ಚರ್ಚಿನ ಹಿಂದಿನ ನಲ್ಲಿಯ ಕಟ್ಟೆಗೆ ಕರೆತಂದವು. ಅಲ್ಲಿ ಕೂತು ಹಲ್ಲು ಕಡಿದ. ಮೂಗು ಸತ್ತಿತ್ತಂತೆ! ಹಾಗಾದರೆ ಅಷ್ಟೂ ಭಾನುವಾರ ಅವಳ ಪಕ್ಕ ಕೂತಿದ್ದವನು ಅಂಟು ಅಲ್ಲ, ಯಾವನೋ ವಾಸನೆಯಿಲ್ಲದವನು. ಗೊತ್ತಾಗಿದ್ದರೆ ಅವಳೂ ಆಚೆ ಬದಿಗೆ ಹೋಗುತ್ತಿದ್ದಳು. ಯಾರೂ ಯಾವತ್ತೂ ಅವನನ್ನು ಅವನೆಂದು ತಿಳಿದು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಇನ್ನು ದೇವರ ಲೆಕ್ಕ? ಬುಡವೇ ಇಲ್ಲದಮೇಲೆ ಅದೂ ಅಷ್ಟೇ. ಪೆಟ್ಟಿಗೆ ಯಾರು ಬೇಕಾದರೂ ಹೊರಲಿ. ಬೀದಿಯ ತಿರುವಿನಲ್ಲಿ ಸಾರಾಯಿ ಅಂಗಡಿ ತೆರೆದಿತ್ತು. ಒಮ್ಮೆ ಒಳಗೆ ಹೋದರೆ ಈ ಸಲ ಹೊರಗೆ ಬರುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದ್ದು ನಿಂತ.

“ಮಾವ!”

ಟೈಲರಕ್ಕನ ಮಗಳು. ಕಣ್ಣು ಊದಿತ್ತು, ಚಪ್ಪಲಿಯೂ ಇಲ್ಲದೆ ಓಡಿಬಂದಿದ್ದಳು. “ಎಲ್ಲರೂ ಬಂದಾಯ್ತು. ಹೆಗಲು ಕೊಡೋಕೆ ನೀವೊಬ್ರಿಲ್ಲ. ಎಲ್ಲಿ ಹೊರಟ್ರಿ?”

“ನಿಮ್ಮಮ್ಮಂಗೆ ಮೂಗು ಸತ್ತಿತ್ತಂತಲ್ಲ.”

“ಯಾರು ಹೇಳಿದ್ದು?”

“ನಿಮ್ಮತ್ತೆ.”

ಮಗಳ ದುಃಖವೆಲ್ಲ ಸಿಟ್ಟಾಗಿ ಹೊರಬಿತ್ತು. “ನಮ್ಮಮ್ಮನ ಮೂಗಾ? ಪಕ್ಕದ ಬೀದೀಲಿ ಹಾಲು ಸೀದ್ರೆ ಮಿಷನ್ ಮುಂದೆ ಕೂತೇ ಹೇಳ್ತಿದ್ಲು. ಅತ್ತೆ ಪ್ರತಿ ವಾರ ತಲೆ ತಿಂತಿದ್ರು, ಆ ಅಂಟು ಪಕ್ಕ ಯಾಕೆ ಕೂರ್ತೀಯ, ನಮ್ಮ ಬೆಂಚಿಗೆ ಬಾ ಅಂತ. ಕಾಟ ತಡೀಲಾರದೆ ಒಂದು ಸುಳ್ಳು ಬಿಟ್ಲು. ಆ ಸುಳ್ಳಿಗೆ ದೇವರ ಹತ್ರ ಎಷ್ಟು ಸಲ ಕ್ಷಮೆ ಕೇಳಿದ್ಲೋ. ಗೊತ್ತಾಗ್ತಿತ್ತು ಮಾವ, ಎಲ್ಲ ಗೊತ್ತಾಗ್ತಿತ್ತು. ಮೊದಮೊದಲು ಮನೆಗೆ ಬಂದವಳೇ ಬಚ್ಚಲಿಗೆ ಓಡಿ ವಾಂತಿ ಮಾಡ್ಕೋತಿದ್ಲು. ಮಧ್ಯಾಹ್ನ ಊಟ ಸೇರ್ತಿರಲಿಲ್ಲ. ಅವಳ ಬೆನ್ನು ನೀವುತಾ ನಾನು ನಿಮಗೆ ಶಾಪ ಹಾಕ್ತಿದ್ದೆ. ನಿಮ್ಮನ್ನ ಕಂಡ್ರೆ ನಂಗೆ ಆಗ್ತಿರಲಿಲ್ಲ, ಇವತ್ತು ಹೇಳಿಬಿಡ್ತೀನಿ.”

ಅಂಟು ಮತ್ತೆ ಕಟ್ಟೆಯ ಮೇಲೆ ಕುಸಿದ. ಬೇಕೆಂದೇ ಸ್ನಾನ ಮಾಡದೆ ಹೋದ ಆ ಭಾನುವಾರ, ಅವಳ ತಲೆಯ ಹಿಂದೆ ಚಾಚಿದ ತೋಳು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಮೂಗು ಸತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು.

“ಮತ್ತೆ ಯಾಕೆ ಕೂತ್ಲು?” ಎಂದ.

“ನಾನೂ ಜಗಳ ಆಡಿ ಕೇಳಿದೀನಿ. ಅಷ್ಟೊಂದು ಪ್ರೀತಿನಾ ಆ ಮನುಷ್ಯನ ಮೇಲೆ ಅಂತ. ‘ಒಂಚೂರೂ ಇಲ್ಲ ಕಣೇ’ ಅಂದ್ಲು. ‘ನನ್ನ ಹತ್ರ ಎಲ್ಲಿಂದ ಬರ್ಬೇಕು? ಯೇಸುಸ್ವಾಮಿ ಹತ್ರ ಇದೆ. ಶನಿವಾರ ಮಂಡಿಯೂರಿ ಅವರ ಹತ್ರ ಇಸ್ಕೋತೀನಿ, ಭಾನುವಾರ ತಗೊಂಡು ಹೋಗಿ ಕೂರ್ತೀನಿ. ನನ್ನ ಪಕ್ಕ ಅವರು ದಿನಾ ಕೂರ್ತಾರಲ್ಲ, ನಂಗೇನು ನಾತ ಇಲ್ವಾ?’ ಅಂದ್ಲು.” ಮಗಳು ಸೆರಗಿನಿಂದ ಮೂಗೊರೆಸಿಕೊಂಡಳು. “ಆಮೇಲಾಮೇಲೆ ಅವಳೇ ಹೇಳಿದ್ಲು, ‘ಈಗ ಇಸ್ಕೊಳ್ಳೋದೇ ಮರೆತುಹೋಗುತ್ತೆ ಕಣೇ, ಅವನು ಬರಲಿಲ್ಲ ಅಂದ್ರೆ ಹಾಡೇ ಸೇರಲ್ಲ’ ಅಂತ.”

ಅಂಟು ಅತ್ತ. ಹೆಂಡತಿ ಬಿಟ್ಟುಹೋದ ದಿನವೂ ಹಾಗೆ ಅತ್ತಿರಲಿಲ್ಲ. ಮಗಳು ಸಮಾಧಾನದ ಮಾತು ಆಡಲಿಲ್ಲ, ಅವಳದೇ ಅವಳಿಗೆ ಸಾಕಷ್ಟಿತ್ತು. ನಲ್ಲಿ ತಿರುಗಿಸಿ, “ಮುಖ ತೊಳ್ಕೊಳ್ಳಿ, ಹೊತ್ತಾಯ್ತು” ಎಂದಳು.

ಪೆಟ್ಟಿಗೆ ಹಗುರವಾಗಿತ್ತು. ರೋಗ ಅವಳನ್ನು ಅಷ್ಟು ತಿಂದುಹಾಕಿತ್ತು. ಚರ್ಚಿನೊಳಗೆ ತಂದಿಳಿಸಿ ಅಂಟು ತನ್ನ ಬೆಂಚಿಗೆ ಹೋಗಿ ಕೂತ. ಆ ಬೆಂಚಿನಲ್ಲಿ ಅವನೊಬ್ಬನೇ. ಟೈಲರಕ್ಕನಿಗಾಗಿ ದೇವರಿಗೆ ಕೃತಜ್ಞತೆಯ ಸ್ತೋತ್ರ ಹೇಳುವವರು ಎದ್ದು ಹೇಳಬಹುದು ಎಂದು ಪಾಸ್ಟರ್ ಅಂದರು. ಅವಳು ಹೊಲಿದುಕೊಟ್ಟ ಮದುವೆ ಬಟ್ಟೆಗಾಗಿ ಒಬ್ಬರು, ಅವಳ ನಗುಮುಖಕ್ಕಾಗಿ ಒಬ್ಬರು ಸ್ತೋತ್ರ ಹೇಳಿದರು. ಗುಮಾಸ್ತ ಅವಳ ಸತ್ಯವಂತಿಕೆಗಾಗಿ ಉದ್ದಕ್ಕೆ ಹೇಳಿದ.

ಆಮೇಲೆ ಅಂಟು ಎದ್ದ. ಅವನು ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸಿದ್ದೇ ಇಲ್ಲ. ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಯಾರೋ ಕೆಮ್ಮಿದರು.

“ಕರ್ತನೇ,” ಅಂದ. “ಅಕ್ಕಂಗೆ ನನ್ನ ವಾಸನೆ ಬರ್ತಿತ್ತಂತೆ. ನಂಗೆ ಇವತ್ತು ಗೊತ್ತಾಯ್ತು. ಸ್ತೋತ್ರ.”

ಅಷ್ಟು ಹೇಳಿ ಕೂತ. ನಾದಿನಿ ತಲೆ ತಗ್ಗಿಸಿದಳು. ಇದಕ್ಕೆ ಆಮೆನ್ ಅನ್ನಬೇಕೋ ಬಾರದೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ ಮಗಳೊಬ್ಬಳೇ, ಅಳುತ್ತಲೇ, ಎಲ್ಲರಿಗೂ ಕೇಳುವ ಹಾಗೆ ಆಮೆನ್ ಅಂದಳು.