ಮೂರನೆಯ ಭರತ

ಆವನಿಯ ಬೆಟ್ಟದಡಿಯಲ್ಲಿ ರಾಮನೊಡಹುಟ್ಟಿದವರ ಹೆಸರುಗಳನ್ನು ಹೊತ್ತು ಲಿಂಗರೂಪದಲ್ಲಿ ನೆಲೆನಿಂತ ಪರಶಿವನೇ, ಹೆಸರಿಗೂ ರೂಪಕ್ಕೂ ಆಚೆಗಿರುವವನೇ, ಹೇಳುವ ನಾಲಗೆಗೆ ಸತ್ಯವನ್ನೂ ಕೇಳುವ ಕಿವಿಗೆ ಕರುಣೆಯನ್ನೂ ದಯಪಾಲಿಸು.

ಆನಂದ ಸಂವತ್ಸರದ ಕಾರ್ತಿಕ. ಇಸವಿಯ ಲೆಕ್ಕದಲ್ಲಿ ಸಾವಿರದ ಒಂಬೈನೂರ ಎಪ್ಪತ್ತನಾಲ್ಕು. ಆವನಿಯ ರೈತ ಕೋದಂಡರಾಮಪ್ಪನವರ ಸೊಸೆ ಅನಸೂಯಮ್ಮ ಮೂರನೆಯ ಗಂಡುಮಗುವನ್ನು ಹೆತ್ತಿದ್ದಳು. ಮೊದಲಿನ ಇಬ್ಬರಿಗೂ ಆ ಮನೆಯವರು ಭರತನೆಂದೇ ಹೆಸರಿಟ್ಟಿದ್ದರು. ಬೆಟ್ಟದಡಿಯ ಭರತೇಶ್ವರ ಲಿಂಗಕ್ಕೆ ಹೊತ್ತ ಹರಕೆಯದು. ಒಬ್ಬನನ್ನು ದಡಾರ ಒಯ್ದಿತು, ಮತ್ತೊಬ್ಬನನ್ನು ವಾಂತಿಭೇದಿ. ಈ ಕೂಸಿಗೂ ಅದೇ ಹೆಸರೆಂದು ಮಾವನವರು ಹೊಸ್ತಿಲಾಚೆ ನಿಂತು ನುಡಿದಾಗ ಬಾಣಂತಿ ಕೂಸನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ಬೇಡ ಮಾವ. ಆ ಹೆಸರು ನಮಗೆ ಆಗಿಬರಲಿಲ್ಲ."

ಕೋದಂಡರಾಮಪ್ಪನವರು ಪುರಾಣ ಕೇಳುತ್ತಲೇ ತಲೆ ನರೆಸಿದವರು.

"ಹೆಸರು ಸವೆಯುತ್ತೇನಮ್ಮಾ? ಶಕುಂತಲೆ ಮಗ ಭರತ ಸಿಂಹದ ಹಲ್ಲು ಎಣಿಸಿದ. ಕೈಕೇಯಿ ಮಗ ಭರತ ಪಾದುಕೆ ಇಟ್ಕೊಂಡು ರಾಜ್ಯ ಕಾದ. ಮರಿ ಮೇಲಿನ ಮೋಹಕ್ಕೆ ಜಿಂಕೆಯಾಗಿ ಹುಟ್ಟಿದ ರಾಜರ್ಷೀನೂ ಭರತನೇ, ನಾಟ್ಯ ಕಲಿಸಿದ ಮುನೀನೂ ಭರತನೇ. ಒಬ್ಬರ ಹಿಂದೆ ಒಬ್ಬರು ಹೊತ್ತರು. ಹೆಸರು ಯಾರನ್ನಾದ್ರೂ ತಿಂತಾ?"

ಶಕುಂತಲೆಯ ಮಗನಾದ ಆ ಚಕ್ರವರ್ತಿಯ ಮಕ್ಕಳು ತಮ್ಮ ತಾಯಂದಿರ ಕೈಯಲ್ಲೇ ಮಡಿದರೆಂಬ ಪುರಾಣವಾಕ್ಯವನ್ನು ಮಾತ್ರ ಅವರು ಎತ್ತಲಿಲ್ಲ. ಬಾಣಂತಿಯೆದುರು ಆಡುವ ಮಾತಲ್ಲವದು.

"ಅವರೆಲ್ಲ ಬೇರೆ ಬೇರೆ ತಾಯಿ ಹೊಟ್ಟೇಲಿ ಹುಟ್ಟಿದೋರು ಮಾವ. ನನ್ನ ಹೊಟ್ಟೇಲಿ ಹುಟ್ಟಿದ ಭರತರು ಇಬ್ಬರೂ ಮಣ್ಣಲ್ಲವ್ರೆ."

"ಹನ್ನೊಂದನೇ ದಿನ ಹೆಸರಿಡೋಣ" ಎಂದಷ್ಟೇ ಹೇಳಿ ವೃದ್ಧರು ಹಿಪ್ಪುನೇರಳೆ ತೋಟದತ್ತ ನಡೆದರು.

ಮಕ್ಕಳು ಉಳಿಯದ ಮನೆಗಳಲ್ಲಿ ಆ ಸೀಮೆಯವರು ಹಿಡಿಯುವ ಉಪಾಯವೊಂದಿತ್ತು. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಬಿಡುವುದು, ಬೇರೊಬ್ಬಳು ಹಿಡಿ ತೌಡು ಕೊಟ್ಟು ಅದನ್ನು ಕೊಳ್ಳುವುದು, ತಿಪ್ಪಯ್ಯನೆಂದು ಕರೆಯುವುದು. ಯಾರಿಗೂ ಬೇಡವಾದದ್ದೆಂದು ಬಗೆದು ಯಮನು ಮುಖ ತಿರುಗಿಸಿ ಹೋಗುವನೆಂದು ನಂಬಿಕೆ.

ಮಾರನೆಯ ಬೆಳಗ್ಗೆ, ಗಂಡಸರು ಹೊಲಕ್ಕೆ ಹೋದ ಮೇಲೆ, ಸೂಲಗಿತ್ತಿ ದೊಡ್ಡಮುನಿಯಮ್ಮ ಮೊರ ಹಿಡಿದು ಬಂದಳು.

"ಮೊರ ಬೇಡ ಕಣಮ್ಮ" ಎಂದಳು ಅನಸೂಯಮ್ಮ. "ಮೊರದಾಗೆ ಮಲಗಿಸಿದ್ರೆ ಯಮ ನಂಬ್ತಾನಾ? ಬೇಡದ್ದನ್ನ ಯಾರಾದ್ರೂ ಜೋಪಾನವಾಗಿ ಬಿಸಾಕ್ತಾರಾ?"

"ನಿನ್ ಹತ್ರ ಯಮನೇ ಬಂದು ಪಾಠ ಹೇಳಿಸ್ಕೋಬೇಕು ಕಣೇ!" ಎಂದು ಮುದುಕಿ ನಕ್ಕಳು.

ಹೊಕ್ಕುಳು ಇನ್ನೂ ಹಸಿಯಾಗಿತ್ತು. ತಾಯಿ ಬತ್ತಲೆ ಕೂಸನ್ನು ತನ್ನ ಕೈಯಾರೆ ಗೊಬ್ಬರದ ಮೇಲೆ ಹೊರಳಿಸಿದಳು. "ಥೂ, ಯಾರಿಗೆ ಬೇಕು ಈ ತಿಪ್ಪ!" ಎಂದು ಗಟ್ಟಿಯಾಗಿ ಬೈದು, ಬೈದ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡಳು. ದೊಡ್ಡಮುನಿಯಮ್ಮ ತೌಡು ಕೊಟ್ಟು ಕೂಸನ್ನು ಎತ್ತಿಕೊಂಡು, ಮತ್ತೆ ಅವಳ ಮಡಿಲಿಗೇ ಹಾಕಿದಳು. ಹೆರಿಗೆಯಾದಾಗಿನಿಂದ ಸರಿಯಾಗಿ ಉಣ್ಣದಿದ್ದವಳು ಅಂದು ಹೊಟ್ಟೆ ತುಂಬ ಉಂಡಳು.

ಹೆಸರಿಡುವ ಹಿಂದಿನ ದಿನ ಕೂಸು ಮೊಲೆ ಹಿಡಿಯಲಿಲ್ಲ. ದವಡೆ ಬಿಗಿದಿತ್ತು, ತುಸು ಸದ್ದಾದರೂ ಆ ಎಳೆಯ ಮೈ ಬಿಲ್ಲಿನಂತೆ ಬಾಗುತ್ತಿತ್ತು. ಗಂಡ ಕದಿರಪ್ಪ ತಾಯಿಮಗುವನ್ನು ಬಸ್ಸಿನಲ್ಲಿ ಮುಳಬಾಗಿಲಿಗೆ ಕರೆದೊಯ್ದ. ಆಸ್ಪತ್ರೆಯ ಡಾಕ್ಟರು ಹೊಕ್ಕುಳನ್ನು ನೋಡಿ, "ಇದಕ್ಕೇನು ತಾಕಿಸಿದ್ರಿ?" ಎಂದರು. ಅನಸೂಯಮ್ಮ ಮುಚ್ಚಿಡದೆ ಹೇಳಿದಳು. ಕದಿರಪ್ಪ ಅದನ್ನು ಅಲ್ಲಿಯೇ ಮೊದಲು ಕೇಳಿದ್ದು.

"ಗೊಬ್ಬರದಲ್ಲಿ ಧನುರ್ವಾಯುವಿನ ವಿಷ ಇರುತ್ತಮ್ಮಾ. ಹಸಿ ಹೊಕ್ಕುಳಿಂದ ಒಳಗೆ ಸೇರಿದೆ. ಸೂಜಿ ಹಾಕ್ತೀವಿ, ಆದ್ರೆ ಬಹಳ ತಡವಾಗಿದೆ."

ಮರುದಿನ, ತೊಟ್ಟಿಲು ತೂಗಬೇಕಾಗಿದ್ದ ಹೊತ್ತಿಗೆ, ಅವರು ಶವದೊಡನೆ ಊರಿಗೆ ಮರಳಿದರು.

ತಿಪ್ಪೆಯ ಸುದ್ದಿ ಅಷ್ಟರಲ್ಲಿ ಕೋದಂಡರಾಮಪ್ಪನವರಿಗೆ ಮುಟ್ಟಿತ್ತು. ಜಗಲಿಯಿಂದೇಳದೆಯೇ ಅವರು ನುಡಿದರು: "ದೇವರ ಹೆಸರು ಒಲ್ಲೆ ಅಂದೆಯಲ್ಲಮ್ಮಾ. ಭರತೇಶ್ವರ ಮುನಿದ."

"ಅವನ ಮೇಲೆ ಹಾಕಬೇಡಿ ಮಾವ. ದೇವರು ಏನೂ ಮಾಡಿಲ್ಲ, ಹೆಸರೂ ಏನೂ ಮಾಡಿಲ್ಲ. ಗೊಬ್ಬರದ ವಿಷ ಹೊಕ್ಕುಳಿಗೆ ಹತ್ತಿತಂತೆ, ಡಾಕ್ಟರು ಹೇಳಿದ್ರು. ಹೊರಳಿಸಿದೋಳು ನಾನು."

ನೆರೆಯ ಹೆಂಗಸರು ಬಂದು ಶವದ ಸುತ್ತ ಕುಳಿತರು. ಸತ್ತವರನ್ನು ಹೆಸರು ಹಿಡಿದೇ ಅಳುವುದು ಅಲ್ಲಿಯ ರೂಢಿ. ಹಿರಿಯಳಾದ ವೆಂಕಟರತ್ನಮ್ಮ ರಾಗ ತೆಗೆಯಹೋಗಿ ತಡೆದು ನಿಂತಳು.

"ಏನಂತ ಅಳೋದಣ್ಣಾ? ಭರತ ಅಂತಲೋ, ತಿಪ್ಪಯ್ಯ ಅಂತಲೋ?"

ಅನಸೂಯಮ್ಮ ತಲೆ ತಗ್ಗಿಸಿ ತನ್ನ ಕೈಗಳನ್ನೇ ನೋಡುತ್ತಿದ್ದಳು. ಕೋದಂಡರಾಮಪ್ಪನವರು ಎದ್ದು ಬಂದು, ಸೊಸೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

"ಕೂಸೇ ಅಂತ ಅಳ್ರಮ್ಮಾ" ಎಂದರು. "ಅಷ್ಟು ಸಾಕು."

ಈ ಕಥೆಯನ್ನು ಕೇಳಿದವರ ಮನೆಯ ತೊಟ್ಟಿಲು ಬರಿದಾಗದಿರಲಿ. ಅವರ ಮಮತೆಗೆ ಪರಮೇಶ್ವರನು ತಿಳಿವಿನ ಕಣ್ಣನ್ನು ಕೊಡಲಿ. ಅವರ ಮಕ್ಕಳೆಲ್ಲ ತಮ್ಮ ಹೆಸರನ್ನು ತಾವೇ ಹೇಳುವಷ್ಟು ಬೆಳೆದು, ನೂರ್ಕಾಲ ಬಾಳಲಿ.