ಒಂದು ಬೆರಳು ಬೆಟ್ಟ, ಎರಡು ಬೆರಳು ಹೊಳೆ

ಮಾಘದ ಚಳಿಯಲ್ಲಿ ಹೊಗೆ ಮೇಲೇರುವುದಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರುಗಳ ಓಣಿಯಲ್ಲಿ ಬೆಳಗಿನ ಹೊಗೆ ಹೆಂಚಿನ ಮಟ್ಟಕ್ಕೇ ನಿಂತು, ಒಂದು ಶೆಡ್ಡಿನದು ಇನ್ನೊಂದು ಶೆಡ್ಡಿನದಕ್ಕೆ ಸೇರಿಕೊಂಡು, ಬಿಸಿಲು ಬಲಿಯುವ ತನಕ ಅಲ್ಲಾಡುವುದಿಲ್ಲ. ಅಂದು ತಾಜ್ ಪಾಷಾನ ಶೆಡ್ಡಿನಲ್ಲಿ ಒಲೆ ಹತ್ತಿ ಬಹಳ ಹೊತ್ತಾಗಿತ್ತು. ಕುದಿಯುವ ನೀರಿನಲ್ಲಿ ಗೂಡುಗಳು ಉರುಳುತ್ತಿದ್ದವು. ಹೆಂಗಸರು ಬೇಸಿನ್ನುಗಳ ಮುಂದೆ ಸಾಲಾಗಿ ಕೂತು, ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ರಾಟೆಗೆ ಕೊಡುತ್ತಿದ್ದರು. ಕೊನೆಯ ಬೇಸಿನ್ನು ತಾಜ್ ಪಾಷಾನ ಹೆಂಡತಿ ಖತೀಜಾ ಬೀಯದು.

ಅವಳ ಎದುರಿನ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರು. ಅವಳ ಮೈದುನ ಅಸದುಲ್ಲಾ ಕೀನ್ಯಾ ದೇಶದ ಬಟ್ಟೆ ಗಿರಣಿಯೊಂದರಲ್ಲಿ ಫಿಟ್ಟರು. ಅವನು ಅಲ್ಲಿಗೆ ಸೇರಿದ ವರ್ಷವೇ ಅದನ್ನು ಕಳಿಸಿದ್ದ. ತಿಂಗಳುಗಳ ಹಾಳೆಗಳೆಲ್ಲ ಯಾವತ್ತೋ ಹರಿದುಹೋಗಿ ಮೇಲಿನ ಚಿತ್ರವೊಂದೇ ಉಳಿದಿತ್ತು. ಕೆಸರು ಬಣ್ಣದ ಹೊಳೆ, ಹೊಳೆಗೆ ಬೀಳುತ್ತಿರುವ ಸಾವಿರಾರು ಕಾಡುಪ್ರಾಣಿ, ಆಚೆ ದಂಡೆಯಲ್ಲಿ ಕತ್ತು ನೀಡಿ ನಿಂತ ಎರಡು ಜಿರಾಫೆ. ಹೊಗೆ ಕುಡಿದು ಜಿರಾಫೆಗಳು ಕಂದುಬಣ್ಣಕ್ಕೆ ತಿರುಗಿದ್ದವು. ಆದರೂ ಖತೀಜಾ ಅದನ್ನು ತೆಗೆಯಲು ಬಿಟ್ಟಿರಲಿಲ್ಲ.

ಜೂನಿನಲ್ಲಿ ಗಂಡಹೆಂಡತಿ ಅಲ್ಲಿಗೆ ಹೋಗುವುದೆಂದು ಆಗಿತ್ತು. ಟಿಕೆಟ್ಟಿಗೆ ತಾಜ್ ಪಾಷಾ ದುಡ್ಡು ಕೂಡಿಸಿಟ್ಟಿದ್ದ. ಕಾಡಿನಲ್ಲಿ ಉಳಿಯುವ ಜಾಗಕ್ಕೆ ಅಸದುಲ್ಲಾನ ಗಿರಣಿಯವರು ಅರ್ಧ ದರ ಕೊಡಿಸುತ್ತಿದ್ದರು. ಜಾಗಗಳು ಎರಡು, ಆರಿಸಬೇಕಾದದ್ದು ಒಂದು. ಎರಡರ ಬಣ್ಣದ ಪುಸ್ತಿಕೆಗಳೂ ಅಂಚೆಯಲ್ಲಿ ಬಂದಿದ್ದವು. ಇವತ್ತು ನಾಲ್ಕಕ್ಕೆ ಮಾರ್ಕೆಟ್ಟಿನ ಹತ್ತಿರದ ಬಷೀರ್ ಅಹಮದ್‌ನ ಬೂತಿಗೆ ಅಸದುಲ್ಲಾ ಫೋನು ಮಾಡುವವನಿದ್ದ. ಇವತ್ತು ಹೇಳದಿದ್ದರೆ ಜಾಗ ಬೇರೆಯವರ ಪಾಲು.

ಈ ಪ್ರಯಾಣದ ಮೂಲ ಒಂದು ಬಾಕಿ. ನಿಕಾಹ್ ದಿನ ಗಂಡು ಹೆಣ್ಣಿಗೆ ಕೊಡುತ್ತೇನೆಂದು ಒಪ್ಪಿಕೊಳ್ಳುವ ಮಹರ್ ಆ ಓಣಿಯಲ್ಲಿ ಕೈಗೆ ಬಂದದ್ದು ಕಡಿಮೆ. ಗಂಡ ಸತ್ತ ದಿನ ಹೆಂಡತಿಯನ್ನು ಶವವಿಟ್ಟ ಜನಾಜಾದ ಪಕ್ಕಕ್ಕೆ ಕರೆತಂದು, "ಮಹರ್ ಮಾಫ್ ಮಾಡಿದೆ ಅನ್ನಮ್ಮ" ಎನ್ನುತ್ತಾರೆ. ಅವಳು ಅನ್ನುತ್ತಾಳೆ. ಮಾವ ತೀರಿಕೊಂಡ ದಿನ ಅತ್ತೆ ಬಿಸ್ಮಿಲ್ಲಾ ಬೀ ಹಾಗೆ ಅಂದಾಗ ಖತೀಜಾ ಅವಳ ತೋಳು ಹಿಡಿದು ನಿಂತಿದ್ದಳು. ನಲವತ್ತನೇ ದಿನದ ಕಾರ್ಯ ಕಳೆದ ಮೇಲೆ ಗಂಡನಿಗೆ ಹೇಳಿದ್ದಳು: "ನಾನು ಹಂಗೆ ಅನ್ನಲ್ಲ. ಬದುಕಿರುವಾಗ್ಲೇ ಕೊಡಿ. ದುಡ್ಡು ಬೇಡ. ಆ ಕ್ಯಾಲೆಂಡರಿನ ಹೊಳೆ ತೋರಿಸಿ, ಸಾಕು."

ಅವನು ನಕ್ಕು ಆಗಲಿ ಎಂದಿದ್ದ. ಅವಳು ನಕ್ಕಿರಲಿಲ್ಲ.

ಹೋದ ಮಳೆಗಾಲದಲ್ಲಿ ಅವಳ ದಮ್ಮು ಕೆರಳಿ, ತುಟಿ ನೀಲಿಯಾಗಿ, ಜೀಪಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೊತ್ತುಕೊಂಡು ಹೋಗಿದ್ದರು. ಹೊಗೆಯಿಂದ ದೂರ ಇರಿ ಎಂದಿದ್ದರು ಡಾಕ್ಟರು. ಹೊಗೆಯಿಂದ ದೂರ ಎಂದರೆ ಈ ಓಣಿಯಿಂದ ದೂರ ಎಂದು ಅವರಿಗೆ ಯಾರು ಹೇಳಬೇಕು?

ಹಜಾರದಲ್ಲಿ ತಾಜ್ ಪಾಷಾ ಪುಸ್ತಿಕೆಗಳನ್ನು ಚಾಪೆಯ ಮೇಲೆ ಹರಡಿಕೊಂಡಿದ್ದ. ಗೂಡಿನ ರಾಶಿಯನ್ನು ಮೇಲೆ ನೋಡಿ ಕೊಳ್ಳುವವನಲ್ಲ ಅವನು. ಒಳ್ಳೆಯದನ್ನು ಮೇಲಿಟ್ಟು ಚಪ್ಪೆ ಗೂಡನ್ನು ಅಡಿಯಲ್ಲಿಡುವವರೇ ಹೆಚ್ಚೆಂದು, ಮೊಳಕೈವರೆಗೆ ಕೈ ಇಳಿಸಿ ತಳದ ಹಿಡಿ ತೆಗೆಯುವ ಅಭ್ಯಾಸ. ಪುಸ್ತಿಕೆಯಲ್ಲೂ ಆನೆ ಸಿಂಹದ ದೊಡ್ಡ ಚಿತ್ರಗಳನ್ನು ಬಿಟ್ಟು ಕೊನೆಯ ಪುಟದ ಸಣ್ಣ ಚಿತ್ರಗಳಿಗೆ ಕಣ್ಣಿಟ್ಟಿದ್ದ. ಕ್ಯಾಲೆಂಡರಿನ ಆ ಹೊಳೆ ದಂಡೆಯದು ಬರೀ ಗುಡಾರಗಳು. ಬೇಲಿಯಿಲ್ಲ, ಡಾಕ್ಟರಿಲ್ಲ, ಆಸ್ಪತ್ರೆ ಬೇಕೆಂದರೆ ಹಗಲು ಹೊತ್ತು ಸಣ್ಣ ವಿಮಾನ ಬರಬೇಕು. ಬೆಟ್ಟದ ಮೇಲಿನದು ಕಲ್ಲು ಕಟ್ಟಡ. ಕೆಳಗೆ ಉಪ್ಪು ನೆಕ್ಕಲು ಬರುವ ಪ್ರಾಣಿಗಳನ್ನು ಗಾಜಿನ ಕಿಟಕಿಯಿಂದ ನೋಡುವುದು. ಹೊಳೆಯಿಲ್ಲ. ಡಾಕ್ಟರಿದ್ದಾರೆ.

"ಇದು ನೋಡಮ್ಮೀ," ಎಂದು ಬೆಟ್ಟದ ಪುಸ್ತಿಕೆ ಎತ್ತಿ ತಾಯಿಗೆ ತೋರಿಸಿದ. ಗೋಡೆಯಲ್ಲಿ ದೊಡ್ಡ ಒಲೆಗೂಡು, ಪಕ್ಕದಲ್ಲಿ ಸೂರಿನವರೆಗೆ ಒಟ್ಟಿದ ಸೌದೆ. "ಒಂದೇ ಅಳತೆಗೆ ಕೊಯ್ದು ಒಣಗಿಸಿ ಎಷ್ಟು ಚೆನ್ನಾಗಿ ಒಟ್ಟಿದ್ದಾರೆ! ಸೌದೇನ ಹಿಂಗೆ ಇಟ್ಕೊಂಡಿರೋ ಮಾಲೀಕ ಎಲ್ಲಾನೂ ಸರಿಯಾಗಿ ಇಟ್ಕೊಂಡಿರ್ತಾನೆ."

"ಬೆಟ್ಟದ್ದೇ ಹೇಳು," ಎಂದಳು ಬಿಸ್ಮಿಲ್ಲಾ ಬೀ ಎಲೆಅಡಿಕೆ ಮಡಿಸುತ್ತ. "ಆ ಇನ್ನೊಂದಕ್ಕೆ ಬಟ್ಟೆ ಗೋಡೆ ಕಣೋ ತಾಜೂ. ಸಿಂಹ ಬಂದು ಸಲಾಂ ಹೇಳಿ ಬಾಗಿಲು ತಟ್ಟುತ್ತಾ?"

ಖತೀಜಾ ನೀರು ಕುಡಿಯಲು ಒಳಗೆ ಬಂದಿದ್ದಳು. ಚಿತ್ರವನ್ನು ಬಗ್ಗಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು.

"ನಿನಗೆ ಯಾವುದು?" ಎಂದು ತಾಜ್ ಪಾಷಾ ಹೆಂಡತಿಯನ್ನು ಕೇಳಿದ.

ಅತ್ತೆ ತಲೆಯೆತ್ತಿದಳು. ಖತೀಜಾ, "ನೀವು ದೊಡ್ಡೋರು ಹೇಳಿದ ಹಾಗೆ," ಎಂದು ಶೆಡ್ಡಿಗೆ ಹೋದಳು.

ಆ ಹೊತ್ತಿಗೇ ಸೌದೆ ಗಾಡಿಯ ಆವುಲಪ್ಪ ಬಾಗಿಲಲ್ಲಿ ನಿಂತ. "ಸಾಯಿಬ್ರೆ, ಸೌದೆ ಇಳಿಸಿದೀನಿ. ನೀಲಗಿರಿ. ಎಲ್ಲಾ ಒಣಗಿರೋದೇ."

ಬೇರೆ ದಿನವಾಗಿದ್ದರೆ ತಾಜ್ ಪಾಷಾ ಎದ್ದುಹೋಗಿ ಅಡಿಯ ತುಂಡು ಎಳೆದು ತೂಗಿ ನೋಡುತ್ತಿದ್ದ. ಇವತ್ತು ಕೂತಲ್ಲಿಂದಲೇ ದುಡ್ಡು ಕೊಟ್ಟ. ಆವುಲಪ್ಪ ಎಣಿಸಿ, ಒಂದು ರೂಪಾಯಿ ಹಿಂದಕ್ಕೆ ಚಾಚಿ, ಶೆಡ್ಡಿನವರೆಗೂ ಕೇಳುವಂತೆ ಹೇಳಿದ.

"ಇದು ನಿಮ್ಮತ್ರಾನೇ ಇರ್ಲಿ, ಬಾಕಿ. ಪೂರ್ತಿ ಚುಕ್ತಾ ಮಾಡ್ಕೊಂಡ್ರೆ ಮತ್ತೆ ಈ ಬಾಗಿಲಿಗೆ ಯಾವ ಮುಖ ಇಟ್ಕೊಂಡು ಬರ್ಲಿ?"

"ನೀನು ಬರೋಕೆ ಬಾಕಿ ಬೇಕೇನಯ್ಯ? ಟೀ ಸಾಕು," ಎಂದಳು ಬಿಸ್ಮಿಲ್ಲಾ ಬೀ. ಆವುಲಪ್ಪ ನಗುತ್ತ ಗಾಡಿ ತಿರುಗಿಸಿಕೊಂಡು ಹೋದ.

ಮಧ್ಯಾಹ್ನದ ನಮಾಜ್ ಮುಗಿಸಿ ತಾಜ್ ಪಾಷಾ ಓಣಿಗೆ ಕಾಲಿಟ್ಟಾಗ ತನ್ನ ಶೆಡ್ಡಿನ ಬಾಗಿಲಿಂದಲೇ ಹೊಗೆ ಸುರಿಯುತ್ತಿತ್ತು. ಬಿಳಿ ಹೊಗೆ. ಗಾಡಿಯ ಅಡಿಯ ಸೌದೆ ಹಸಿಯಾಗಿತ್ತು. ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಹೊರಗೆ ನಿಂತಿದ್ದರು. ಇಬ್ಬರು ಖತೀಜಾಳನ್ನು ಎತ್ತಿ ತಂದು ಅಂಗಳದ ಚಾಪೆಯ ಮೇಲೆ ಕೂರಿಸಿದ್ದರು. ಅವಳು ಮುಂದಕ್ಕೆ ಬಾಗಿ, ಎರಡೂ ಕೈ ನೆಲಕ್ಕೂರಿ ಉಸಿರು ಎಳೆಯುತ್ತಿದ್ದಳು. ಎಳೆದದ್ದು ಒಳಗೆ ಹೋಗುತ್ತಿರಲಿಲ್ಲ. ಕತ್ತಿನ ಗುಂಡಿ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಔಷಧಿಯ ಪಂಪನ್ನು ತಾಜ್ ಪಾಷಾ ಅವಳ ಬಾಯಿಗೆ ಹಿಡಿದು ಒತ್ತಿದ. ಇನ್ನೊಮ್ಮೆ ಒತ್ತಿದ.

"ನೋಡಿದ್ಯಾ! ನೋಡಿದ್ಯಾ!" ಬಿಸ್ಮಿಲ್ಲಾ ಬೀ ಸೊಸೆಯ ಬೆನ್ನು ನೀವುತ್ತ ಮಗನ ಮೇಲೆ ಕೂಗಿದಳು. "ಇಲ್ಲೇ ಹಿಂಗೆ! ಅಲ್ಲಿ ಆ ಹೊಳೆ ಹತ್ರ ಹಿಂಗಾದ್ರೆ ಹೊತ್ಕೊಂಡು ಎಲ್ಲಿಗೆ ಓಡ್ತೀಯೋ? ಬೆಟ್ಟದ್ದು ಹೇಳ್ತೀಯೋ, ಇಲ್ಲ ಹೋಗೋದೇ ಬೇಡ ಅಂತೀಯೋ? ಎರಡರಲ್ಲೊಂದು!"

ತಾಜ್ ಪಾಷಾ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ನಿಧಾನಕ್ಕೆ ತುಟಿಯ ನೀಲಿ ಇಳಿಯಿತು. ಆದರೂ ಒಂದು ಮಾತಿಗೆ ಸಾಲುವಷ್ಟು ಉಸಿರು ಅವಳಲ್ಲಿ ಇರಲಿಲ್ಲ. ಇದ್ದಿದ್ದರೂ ಅತ್ತೆಯ ಎದುರು ಆಡುತ್ತಿರಲಿಲ್ಲ. ಫೋನಿನ ಹೊತ್ತಾಗುತ್ತಿತ್ತು.

ಅವನು ಹೆಗಲ ಮೇಲಿನ ಟವೆಲು ತೆಗೆದು ಅವಳ ಬಲಗೈ ಮೇಲೆ ಹಾಸಿ, ಅದರ ಅಡಿಗೆ ತನ್ನ ಕೈ ಇಳಿಸಿದ. ಅವನ ತಂದೆ ಚಿಂತಾಮಣಿ ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಬೆಲೆ ಹೀಗೇ ಕುದುರುತ್ತಿತ್ತು. ಸುತ್ತ ನಿಂತವರಿಗೆ ಕೇಳಬಾರದ ಮಾತನ್ನು ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ಆಡುವುದು.

"ಒಂದು ಅಂದ್ರೆ ಬೆಟ್ಟ, ಎರಡು ಅಂದ್ರೆ ಹೊಳೆ," ಎಂದು ಅವಳ ಕಿವಿಯ ಹತ್ತಿರ ಹೇಳಿದ.

ಟವೆಲಿನ ಅಡಿಯಲ್ಲಿ ಅವಳ ಒದ್ದೆ ಕೈ ಅವನ ಬೆರಳುಗಳನ್ನು ಹುಡುಕಿತು. ಬಿಸಿನೀರಿಗೆ ನೆನೆದು ನೆನೆದು ಬೆರಳ ತುದಿಗಳ ಗೆರೆ ಅಳಿಸಿಹೋಗಿದ್ದ ಕೈ. ಅದು ಅವನ ಎರಡು ಬೆರಳನ್ನು ಹಿಡಿಯಿತು.

ಅವನು ಕೈ ಬಿಡಿಸಿಕೊಂಡು ಒಂದನ್ನೇ ಮುಂದೆ ಮಾಡಿದ. ಅವಳು ಆ ಒಂದನ್ನು ಬದಿಗೆ ತಳ್ಳಿ ಮತ್ತೆ ಎರಡನ್ನು ಹಿಡಿದಳು. ಉಗುರು ನಾಟುವಷ್ಟು ಬಿಗಿಯಾಗಿ. ಆಮೇಲೆ ಎಡಗೈಯಿಂದ ಹಜಾರದ ಕಡೆ ತೋರಿಸಿ, ಗಾಳಿಯಲ್ಲಿ ಪುಟ ತಿರುಗಿಸುವಂತೆ ಸನ್ನೆ ಮಾಡಿದಳು. ಅವನು ಬೆಟ್ಟದ ಪುಸ್ತಿಕೆ ತಂದ. ಸೌದೆ ಒಟ್ಟಿದ ಚಿತ್ರದ ಮೇಲೆ ಅವಳು ಬೆರಳಿಟ್ಟಳು. ಅಲ್ಲಿಂದ ಅದೇ ಬೆರಳನ್ನು ಎತ್ತಿ, ಬಿಳಿ ಹೊಗೆ ಉಗುಳುತ್ತಿದ್ದ ತಮ್ಮ ಶೆಡ್ಡಿನ ಬಾಗಿಲಿಗೆ ತೋರಿಸಿದಳು.

ತಾಜ್ ಪಾಷಾ ಚಿತ್ರವನ್ನು ನೋಡಿದ. ಬೆಳಗಿಂದ ನೋಡಿದ್ದ ಚಿತ್ರವೇ. ಒಲೆಗೂಡಿನ ಸುತ್ತ ಅರ್ಧಚಂದ್ರಾಕಾರದಲ್ಲಿ ಕುರ್ಚಿಗಳು. ಮುಚ್ಚಿದ ಗಾಜಿನ ಕಿಟಕಿಗಳು. ಒಲೆಯ ಮೇಲಿನ ಬಿಳಿ ಕಲ್ಲಿಗೆ ಹತ್ತಿದ ಮಸಿ.

"ಏನೋ ಅದು ಟವೆಲಡಿ ವ್ಯಾಪಾರ? ನಿಮ್ಮಪ್ಪನೂ ಹಿಂಗೇ ನನ್ನ ಕಣ್ಣಿಗೆ ಮಣ್ಣು ಹಾಕ್ತಿದ್ದ," ಎಂದಳು ಬಿಸ್ಮಿಲ್ಲಾ ಬೀ. "ಎಷ್ಟಕ್ಕೆ ಕುದುರ್ತು?"

"ಇನ್ನೂ ಕುದುರಿಲ್ಲಮ್ಮೀ," ಎಂದು ಅವನು ಚಪ್ಪಲಿ ಮೆಟ್ಟಿದ.

ಬೂತಿನಲ್ಲಿ ಬಷೀರ್ ಅಹಮದ್, "ಬಾರಪ್ಪ ತಾಜು, ಸಿಂಹಾನೇ ಮಾತಾಡುತ್ತೋ, ಇಲ್ಲ ನಿನ್ನ ತಮ್ಮನೋ?" ಎಂದು ಸ್ಟೂಲು ಸರಿಸಿಕೊಟ್ಟ. ನಾಲ್ಕು ಹೊಡೆಯಿತು. ಫೋನು ಬರಲಿಲ್ಲ. ಹೊರಗೆ ಗೂಡಿನ ಬುಟ್ಟಿಗಳನ್ನು ಹೊತ್ತವರು ಬಯ್ದಾಡುತ್ತ ಹೋಗುತ್ತಿದ್ದರು. ತಾಜ್ ಪಾಷಾನ ಎರಡು ಬೆರಳುಗಳಲ್ಲಿ ಉಗುರಿನ ಗುರುತು ಇನ್ನೂ ಕೆಂಪಗಿತ್ತು. ಫೋನು ಬರದೇ ಇರಲಿ ಎಂದು ಒಂದು ಗಳಿಗೆ ಅನ್ನಿಸಿತು. ಬರದಿದ್ದರೆ ಯಾರೂ ಏನೂ ಆರಿಸಿದ ಹಾಗಾಗುವುದಿಲ್ಲ.

ಫೋನು ಬಂತು.

"ಭಯ್ಯಾ? ಕೇಳಿಸ್ತಿದ್ಯಾ? ಬೇಗ ಹೇಳಿ. ಬೆಟ್ಟದ್ದೇ ತಗೊಳ್ಳಿ, ನಾನು ಹೇಳ್ತೀನಿ. ಭಾಭಿಗೆ ದಮ್ಮು, ಅಲ್ಲಿ ಡಾಕ್ಟರಿದ್ದಾರೆ."

"ಅಸದೂ, ಅಲ್ಲಿ ಆ ಒಲೆ ದಿನಾ ಹಚ್ತಾರಾ?"

ಮಾತು ಸಮುದ್ರ ದಾಟಿ ಹೋಗಿ ಬರಲು ಹೊತ್ತು ಹಿಡಿಯಿತು.

"ಹಚ್ದೇ ಇರ್ತಾರಾ? ಜೂನಲ್ಲಿ ಆ ಬೆಟ್ಟದ ಮೇಲೆ ಕೊರೆಯೋ ಚಳಿ. ರೂಮಿಗೊಂದು ಒಲೆ ಭಯ್ಯಾ! ಸಾಯಂಕಾಲ ಆದ್ರೆ ಬಾಗಿಲು ಕಿಟಕಿ ಮುಚ್ಚಿ ಎಲ್ಲಾ ಬೆಂಕಿ ಮುಂದೇನೇ."

"ಗುಡಾರದಲ್ಲಿ?"

"ಗುಡಾರದಲ್ಲಿ ಬೆಂಕಿ ಎಲ್ಲಿ ಬಂತು? ಬಟ್ಟೆ ಅಲ್ವಾ! ಹಾಸಿಗೆಗೆ ಬಿಸಿನೀರಿನ ಚೀಲ ಕೊಡ್ತಾರೆ. ಬೆಂಕಿ ಏನಿದ್ರೂ ಹೊರಗೆ ಬಯಲಲ್ಲಿ. ಆದ್ರೆ ಭಯ್ಯಾ, ಅಲ್ಲಿ ರಾತ್ರಿ ಏನಾದ್ರೂ ಆದ್ರೆ ಬೆಳಗಾಗೋ ತನಕ ವಿಮಾನ ಬರಲ್ಲ. ಗೊತ್ತಿರ್ಲಿ. ನಾನು ಹೇಳಲಿಲ್ಲ ಅನ್ನಬೇಡಿ."

ತಾಜ್ ಪಾಷಾ ರಿಸೀವರನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿದ. ಡಾಕ್ಟರು ಬಾಗಿಲಲ್ಲೇ ಇದ್ದು ಹೊಗೆಯೂ ಮನೆಯೊಳಗೇ ಇರುವ ಜಾಗ ಅವನಿಗೆ ಹೊಸದಲ್ಲ. ಇಲ್ಲೂ ಎರಡು ಬೀದಿ ಆಚೆ ಡಾಕ್ಟರಿದ್ದರು.

"ಭಯ್ಯಾ? ಲೈನು ಹೋಯ್ತಾ?"

"ಹೊಳೆ ದಂಡೇದು ಬರೆಸು," ಎಂದ.

"ಭಾಭಿ ಹೇಳಿದ್ರಾ, ನೀವು ಹೇಳ್ತಿದ್ದೀರಾ?"

"ಇಬ್ಬರೂ. ಔಷಧಿ ಎರಡು ಪಾಲು ತರ್ತೀನಿ. ಹೊರಗಿನ ಬೆಂಕಿಗೆ ಗಾಳಿ ಬರೋ ಕಡೆ ಇರೋ ಗುಡಾರ ಕೇಳು, ಹೊಗೆ ಹೋಗೋ ಕಡೆ ಅಲ್ಲ. ಮರೀಬೇಡ."

ಮನೆಗೆ ಬಂದಾಗ ಖತೀಜಾ ಗೋಡೆಗೊರಗಿ ಕೂತು ಬಿಸಿನೀರು ಕುಡಿಯುತ್ತಿದ್ದಳು. ಅವನು ಎರಡು ಬೆರಳು ಎತ್ತಿ ತೋರಿಸಿದ. ಬಿಸ್ಮಿಲ್ಲಾ ಬೀ ಅದನ್ನು ಕಂಡಳು. ಬೈಯಲು ಬಾಯಿ ತೆರೆದವಳು, ಸೊಸೆಯ ಮುಖ ನೋಡಿ, ಎಲೆಅಡಿಕೆಯ ಡಬ್ಬಿ ಎಳೆದುಕೊಂಡು, "ಏನಾದ್ರೂ ಆಯ್ತೋ, ನಿನ್ನನ್ನ ನಾನು ಮಾಫ್ ಮಾಡಲ್ಲ ತಾಜೂ. ನಿಮ್ಮಪ್ಪಂಗೆ ಒಂದ್ಸಲ ಮಾಡಿದ್ದೇ ಸಾಕು," ಎಂದಳು.

ತಾಜ್ ಪಾಷಾ ಚಾಪೆಯ ತುದಿಯಲ್ಲಿ ಕೂತ. "ಹೋಗಿ ನೋಡಿದ ಮೇಲೆ ಮಹರ್ ಚುಕ್ತಾ ತಾನೆ?" ಎಂದ ಮೆಲ್ಲಗೆ.

ಖತೀಜಾ ಉಸಿರು ಕೂಡಿಸಿಕೊಂಡಳು. ಲೋಟ ಕೆಳಗಿಟ್ಟಳು.

"ಒಂದು ರೂಪಾಯಿ ಬಾಕಿ ಇಟ್ಕೊಂಡಿರಿ," ಎಂದಳು.

ಅವನು ಎದ್ದು, ಟವೆಲು ಮುಖಕ್ಕೆ ಕಟ್ಟಿಕೊಂಡು, ಒಲೆಯಲ್ಲಿ ಉಳಿದಿದ್ದ ಹಸಿ ಸೌದೆಯನ್ನು ಒಂದೊಂದಾಗಿ ಎಳೆದು ಹೊರಗೆ ಹಾಕಲು ಶೆಡ್ಡಿನೊಳಕ್ಕೆ ಹೋದ.